ದಾರಿ ತೋರಿಸುವವನು ‘ಬೇಡ’ ಎಂದಾಗ



ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಬಳಿ ಒಂದರ್ಧ ಗಂಟೆ ನಡೆಯುವ ಮಾತುಕತೆ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ನಮ್ಮ ಕಳಸದ ಕಡೆಯಲ್ಲಂತೂ ಮಳೆ, ಕಾಫಿಯ ಬೆಲೆ, ಕೊಯ್ಲಿಗೆ ಆಳು ಸಿಕ್ಕರೇ ಇಲ್ಲವೇ ಎಂಬುದರಿಂದ ಮಾತು ಆಚೆಗೆ ಹೋಗುವುದು ಕಡಿಮೆ. ಹಾಗಿರುವಾಗ ಒಂದು ಭಾನುವಾರ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು: “ಮೇಷ್ಟ್ರೇ, ಬೆಂಕಿ ಕಾರುವ ಗುಡ್ಡ ಹತ್ತುವುದು ಪಾಪವಾ?”

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ವಿಷಯ ತಿಳಿಯಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗ ಗೆಳೆಯರೊಂದಿಗೆ ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೊರಟಿದ್ದಾನೆ. ಅಲ್ಲಿ ಬಾತೂರ್ ಎಂಬ ಪರ್ವತವಿದೆ. ಎತ್ತರ 1,717 ಮೀಟರ್, ಅಂದರೆ ನಮ್ಮ ಕುದುರೆಮುಖಕ್ಕಿಂತ ಸ್ವಲ್ಪ ಗಿಡ್ಡ. ಆದರೆ ಅದು ಜೀವಂತ ಜ್ವಾಲಾಮುಖಿ. 1926ರಲ್ಲಿ ಅದರ ಲಾವಾ ಬುಡದಲ್ಲಿದ್ದ ಊರನ್ನೇ ಮುಚ್ಚಿತು. ಊರಿನವರು ಮೇಲಿನ ದಿಣ್ಣೆಗೆ ಹೋಗಿ ಹೊಸದಾಗಿ ಮನೆ ಕಟ್ಟಿಕೊಂಡರು. ಇಂದು ಅದೇ ಗುಡ್ಡಕ್ಕೆ ಬೆಳಗಿನ ಜಾವ ಟಾರ್ಚ್ ಹಿಡಿದ ಪ್ರವಾಸಿಗರ ತಂಡಗಳು, ಮುಂದೊಬ್ಬ ಸ್ಥಳೀಯ ಮಾರ್ಗದರ್ಶಕನನ್ನು ಇಟ್ಟುಕೊಂಡು, ಸೂರ್ಯೋದಯ ನೋಡಲು ಹತ್ತುತ್ತವೆ. ಬಿರುಕುಗಳಿಂದ ಬರುವ ಬಿಸಿ ಹಬೆಯಲ್ಲಿ ಮೊಟ್ಟೆ ಬೇಯಿಸಿ ಕೊಡುತ್ತಾರಂತೆ. ಆ ಮೊಟ್ಟೆಯ ಸುದ್ದಿ ಕೇಳಿಯೇ ಈ ತಾಯಿಗೆ ನಿದ್ದೆ ಹೋದದ್ದು!

“ಗೈಡ್ ಇದ್ದಾನೆ ಅಮ್ಮ, ಹೆದರಬೇಡ” ಎಂದು ಮಗ ಹೇಳಿದ್ದಾನೆ. ಅಷ್ಟಕ್ಕೇ ಸಮಾಧಾನವಾಗಬೇಕೇ ಎಂಬುದು ಅವರ ಪ್ರಶ್ನೆ.

ಅವರಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ನಮ್ಮಲ್ಲಿ ಜೀವಂತ ಜ್ವಾಲಾಮುಖಿ ಎಂದರೆ ಅಂಡಮಾನಿನ ಬ್ಯಾರನ್ ದ್ವೀಪ ಒಂದೇ, ಅದನ್ನು ಹಡಗಿನಿಂದ ನೋಡಬಹುದೇ ಹೊರತು ಕಾಲಿಡುವಂತಿಲ್ಲ, ಬಾಬಾಬುಡನ್ ಗಿರಿಯ ಕಪ್ಪು ಬಂಡೆಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಲಾವಾ ಆಗಿ ಹರಿದವೇ, ಆರಿ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹೆಚ್ಚಾಯಿತು ಎಂದೆಲ್ಲ ಪಾಠ ಒಪ್ಪಿಸಿದೆ. ಮೇಷ್ಟ್ರುಗಳ ಹಣೆಬರಹವೇ ಇಷ್ಟು, ಕೇಳಿದ್ದೊಂದು, ಹೇಳುವುದೊಂದು. ಮನೆಗೆ ಬಂದ ಮೇಲೆ ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆ ಬಿಡಲಿಲ್ಲವೆಂದು ಮುಂದೆ ಹೇಳುತ್ತೇನೆ.

ಮೊದಲು ಪಾಪದ ಮಾತು. ಬೆಟ್ಟ ಹತ್ತುವುದನ್ನು, ಬೆಂಕಿಯ ಬೆಟ್ಟವನ್ನೇ ಹತ್ತುವುದನ್ನು ಕೂಡ, ಧರ್ಮಸಭೆ ಪಾಪವೆಂದು ಎಣಿಸಿದ್ದಿಲ್ಲ. ಯೇಸುಸಭೆಯ ಗುರು ಅಥನೇಸಿಯಸ್ ಕಿರ್ಚರ್ ಎಂಬವರು 1638ರಲ್ಲಿ ಇಟಲಿಯ ವೆಸೂವಿಯಸ್ ಹತ್ತಿದರು. ಅದಕ್ಕೆ ಏಳು ವರ್ಷಗಳ ಹಿಂದೆಯಷ್ಟೇ, 1631ರಲ್ಲಿ, ಆ ಬೆಟ್ಟ ಸಿಡಿದು ಸಾವಿರಾರು ಜನ ಸತ್ತಿದ್ದರು. ಕಲಾಬ್ರಿಯಾದ ಭೂಕಂಪವನ್ನು ಕಣ್ಣಾರೆ ಕಂಡು, ಅದರಿಂದ ಬದುಕಿ ಬಂದ ಈ ಗುರುಗಳಿಗೆ ನೆಲದ ಒಳಗೆ ಏನಿದೆ ಎಂದು ತಿಳಿಯುವ ಹಂಬಲ. ಆ ಕಡೆಯ ಹಳ್ಳಿಗನೊಬ್ಬನಿಗೆ ಹಣ ಕೊಟ್ಟು ದಾರಿ ತೋರಿಸುವಂತೆ ಮಾಡಿ, ರಾತ್ರಿಯಲ್ಲಿ ಮೇಲೇರಿ, ಹಗ್ಗ ಕಟ್ಟಿಸಿಕೊಂಡು ಬಾಯಿಯೊಳಗೇ ಇಳಿದು ನೋಡಿದರು. ಅದನ್ನೆಲ್ಲ ದೊಡ್ಡ ಗ್ರಂಥವಾಗಿ ಬರೆದರು.

ಇನ್ನೊಬ್ಬರು, ಅಕಿಲೆ ರಾತ್ತಿ ಎಂಬ ಮಿಲಾನಿನ ಗುರು. 1889ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, 4,634 ಮೀಟರ್ ಎತ್ತರದ ಮೊಂತೆ ರೋಸಾ ಪರ್ವತವನ್ನು ಅದರ ಅತಿ ಕಠಿಣವಾದ ಪೂರ್ವದ ಗೋಡೆಯ ಕಡೆಯಿಂದ ಏರಿದರು. ಜೊತೆಗೆ ಒಬ್ಬ ಗೆಳೆಯ, ಇಬ್ಬರು ಮಾರ್ಗದರ್ಶಕರು. ಕತ್ತಲಾದಾಗ ಬಂಡೆಯ ಒಂದು ಕಿರಿದಾದ ಅಂಚಿನ ಮೇಲೆ, ನಿದ್ದೆ ಬಂದರೆ ಹೆಪ್ಪುಗಟ್ಟಿ ಸಾಯುತ್ತೇವೆಂದು ಕಾಲು ಕುಟ್ಟುತ್ತಾ ರಾತ್ರಿ ಕಳೆದರು. ಈ ಗುರುವೇ 1922ರಲ್ಲಿ ಹನ್ನೊಂದನೆಯ ಭಕ್ತಿನಾಥರೆಂಬ ಹೆಸರಿನಲ್ಲಿ ಜಗದ್ಗುರುಗಳಾದವರು. ಮರುವರ್ಷ ಅವರು ಸಂತ ಬೆರ್ನಾರ್ಡರನ್ನು ಬೆಟ್ಟ ಹತ್ತುವವರ ಪಾಲಕ ಸಂತರನ್ನಾಗಿ ಘೋಷಿಸಿದ ಪತ್ರದಲ್ಲಿ, ದುಡುಕೊಂದನ್ನು ಬಿಟ್ಟರೆ ದೇಹಕ್ಕೂ ಆತ್ಮಕ್ಕೂ ಪರ್ವತಾರೋಹಣದಷ್ಟು ಹಿತವಾದ ವ್ಯಾಯಾಮ ಬೇರೆ ಇಲ್ಲವೆಂಬ ಅರ್ಥದ ಮಾತು ಬರೆದರು.

ದುಡುಕೊಂದನ್ನು ಬಿಟ್ಟರೆ! ಎಲ್ಲ ಕಷ್ಟ ಇರುವುದು ಅಲ್ಲಿಯೇ. ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೂತರು ಹಿಡಿಯುತ್ತಾರೆ ಎಂದು ಸೈತಾನ ಹೇಳಿದಾಗ ಪ್ರಭು ಧುಮುಕಲಿಲ್ಲ. ಅದೇನೋ ನಮಗೆಲ್ಲ ಗೊತ್ತು. ಆದರೆ ನಮ್ಮ ಬಳಿ ಬರುವ ಶೋಧನೆ ಅಷ್ಟು ಸ್ಪಷ್ಟವಾಗಿ ಧುಮುಕು ಎನ್ನುವುದಿಲ್ಲ. “ಇನ್ನೊಂದು ಅರ್ಧ ಗಂಟೆ, ಅಷ್ಟೇ” ಎನ್ನುತ್ತದೆ.

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ, ಅಕ್ಟೋಬರ್ ಕೊನೆಯಲ್ಲಿ, ನಮ್ಮ ಯುವಜನರು ಹದಿನಾಲ್ಕು ಮಂದಿ ಕುದುರೆಮುಖ ಶಿಖರಕ್ಕೆ ಹೊರಟರು. ದೊಡ್ಡವರೊಬ್ಬರು ಜೊತೆಗಿರಲಿ ಎಂದು ನನ್ನನ್ನೂ ಕರೆದರು. ದಾರಿ ನಿಮಗೆ ಗೊತ್ತಿರಬಹುದು: ಕಳಸದಿಂದ ಸಂಸೆ, ಬಾಳೆಗಲ್, ಅಲ್ಲಿಂದ ಜೀಪಿನಲ್ಲಿ ಮೂಳೆ ಸಡಿಲವಾಗುವಂತೆ ಕುಲುಕುತ್ತಾ ಮುಳ್ಳೋಡಿ. ಅರಣ್ಯ ಇಲಾಖೆಯ ಅನುಮತಿ ಚೀಟಿ ಮತ್ತು ಮಾರ್ಗದರ್ಶಕ ಇಲ್ಲದೆ ಮುಂದೆ ಬಿಡುವುದಿಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕಾಡು ಅದು. ಹೋಗಿ ಬರಲು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ನಡಿಗೆ. ಶಿಖರ ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್. ನಡುವೆ ಹಳ್ಳಗಳು, ಶೋಲಾ ಕಾಡು, ಬೋಳು ಹುಲ್ಲುಗುಡ್ಡ, ಚಾರಣಿಗರು ಒಂಟಿಮರ ಎಂದು ಕರೆಯುವ ಜಾಗ, ಲೋಬೋ ಮನೆ ಎಂದು ಕರೆಯುವ ಪಾಳು. ಆ ಹೆಸರು ಕೇಳಿ ನಮ್ಮ ಹುಡುಗರಿಗೆ ಹುಮ್ಮಸ್ಸು. ಆ ಕಾಡಿನ ನಡುವೆ ನಮ್ಮವರ ಹೆಸರು! ಇಂಬಳಗಳಿಗೆ ರಕ್ತ ಕೊಡುತ್ತಲೇ ಒಂದು ಹಾಡು ಹಾಡಿದರು.

ನಮ್ಮ ಮಾರ್ಗದರ್ಶಕ ಅಲ್ಲಿಯದೇ ಹಳ್ಳಿಯ ಹುಡುಗ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕಾಲಿಗೆ ಹವಾಯಿ ಚಪ್ಪಲಿ, ಸೊಂಟಕ್ಕೆ ಕತ್ತಿ. ಹೆಚ್ಚು ಮಾತಿಲ್ಲ. ಶಿಖರ ಇನ್ನೂ ಸ್ವಲ್ಪ ದೂರವಿದ್ದಾಗ ಪಶ್ಚಿಮದಿಂದ ಮೋಡ ಕವಿಯಿತು. ಅವನು ನಿಂತು ನೋಡಿದ. “ಸಾರ್, ಇವತ್ತು ಸಾಕು. ಇಳಿಯುವ” ಎಂದ.

ಓದುಗರೇ, ಹುಡುಗರು ಯಾರೂ ಎದುರಾಡಲಿಲ್ಲ. ಎದುರಾಡಿದ್ದು ನಾನು. ಮೂವತ್ತು ವರ್ಷ ಕೆಳಗಿನಿಂದ ನೋಡಿದ ಬೆಟ್ಟ. ಇನ್ನು ಈ ಮಂಡಿ ಹಿಡಿದುಕೊಂಡು ಎಷ್ಟು ಸಲ ಬಂದೇನು? “ಇನ್ನೊಂದು ಅರ್ಧ ಗಂಟೆ ನೋಡೋಣ ಮಾರಾಯ, ಅಷ್ಟು ದೂರದಿಂದ ಬಂದಿದ್ದೇವೆ” ಎಂದೆ. ಅವನು ನನ್ನ ಮುಖ ನೋಡಿದ, ನನ್ನ ನರೆಗೂದಲು ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಸಾರ್, ಬೇಗ” ಎಂದ.

ಶಿಖರ ಮುಟ್ಟಿದೆವು. ಕಂಡದ್ದು ಬರೀ ಮಂಜು. ಇಳಿಯುವಾಗ ಗುಡುಗು, ಆಮೇಲೆ ಮಳೆ. ಬೆಳಿಗ್ಗೆ ಪಾದ ನೆನೆಸಿಕೊಂಡು ದಾಟಿದ್ದ ಹಳ್ಳ ಈಗ ಕೆಂಪಗೆ ಸದ್ದು ಮಾಡುತ್ತಿತ್ತು. ಆ ಹುಡುಗ ಚಪ್ಪಲಿ ಬಿಚ್ಚಿ ದಡಕ್ಕೆ ಎಸೆದು, ನೀರಿನ ಮಧ್ಯೆ ಸೊಂಟಮಟ್ಟ ನಿಂತು, ಹದಿನಾಲ್ಕು ಮಂದಿಯನ್ನು ಒಬ್ಬೊಬ್ಬರನ್ನಾಗಿ ಕೈ ಹಿಡಿದು ಆಚೆ ದಾಟಿಸಿದ. ಕೊನೆಯಲ್ಲಿ ನನ್ನನ್ನು. ಅವನ ಕೈ ಹಿಮದಂತೆ ತಣ್ಣಗಿತ್ತು, ನಡುಗುತ್ತಿತ್ತು.

ಏನೂ ಆಗಲಿಲ್ಲ. ಹುಡುಗರು ಇಂದಿಗೂ ಅದನ್ನು ತಮಾಷೆಯ ಸಾಹಸವೆಂದೇ ಹೇಳುತ್ತಾರೆ. ನಾನೂ ಕೆಲವು ತಿಂಗಳು ಹಾಗೆಯೇ ಹೇಳಿಕೊಂಡು ತಿರುಗಿದೆ. ಏನೂ ಆಗದಿದ್ದರೆ ಮಾಡಿದ್ದು ಸರಿ ಎಂದು ನಮ್ಮ ಲೆಕ್ಕ. ಆದರೆ ಹಳ್ಳ ಇನ್ನೊಂದು ಅಡಿ ಏರಿದ್ದರೆ ನನ್ನ ಆ ಮಾತು ಬೇರೆ ಮಾತಾಗುತ್ತಿತ್ತೇ? ಅದೇ ಮಾತು, ಅದೇ ಮನುಷ್ಯ, ಅದೇ ಹಟ. ಒಂದು ಅಡಿ ನೀರು ನನ್ನನ್ನು ನಿರಪರಾಧಿಯನ್ನಾಗಿ ಮಾಡಿತು, ಅಷ್ಟೇ.

ಒಂದು ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದಾಗ ಇದನ್ನೂ ಹೇಳಿದೆ. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗನ ಹತ್ತಿರ ಕ್ಷಮೆ ಕೇಳಿದಿರಾ?” ಎಂದರು. ಅದು ನನಗೆ ಹೊಳೆದೇ ಇರಲಿಲ್ಲ. ಬಸ್ ಹತ್ತಿ ಹೋದೆ, ಹುಡುಕಿ ಕೇಳಿದೆ. ಅವನಿಗೆ ನನ್ನ ಗುರುತೇ ಹತ್ತಲಿಲ್ಲ. ನಾನು ಹಳ್ಳ, ಮಳೆ, ಹದಿನಾಲ್ಕು ಜನ ಎಂದೆಲ್ಲ ನೆನಪಿಸಿದಾಗ ನಕ್ಕು, “ಅದು ಯಾವಾಗಲೂ ಇರೋದೇ ಸಾರ್” ಎಂದ.

ಯಾವಾಗಲೂ ಇರುವುದೇ! ನನಗೆ ಜೀವಮಾನದ ಒಂದು ದಿನ. ಅವನಿಗೆ ವಾರಕ್ಕೆರಡು ಸಲ. ನನ್ನಂಥವರು ತಿಂಗಳಿಗೆ ಎಷ್ಟು ಮಂದಿ ಅವನ ಮುಂದೆ ನಿಂತು ‘ಇನ್ನೊಂದು ಅರ್ಧ ಗಂಟೆ’ ಎನ್ನುತ್ತಾರೋ?

ಆ ತಾಯಿಯ ಪ್ರಶ್ನೆ ನನ್ನನ್ನು ಬಿಡದಿದ್ದುದು ಇದಕ್ಕೆ. ‘ಗೈಡ್ ಇದ್ದಾನೆ’ ಎಂಬ ಮಾತಿನ ಮೇಲೆ ನಾವು ಬಹಳ ಭಾರ ಹೊರಿಸುತ್ತೇವೆ. ಮಾರ್ಗದರ್ಶಕನಿಗೆ ದಾರಿ ಗೊತ್ತು, ನಿಜ. ಆದರೆ ದಾರಿಯನ್ನು ಕೊಂಡಿ, ಹೊರೆ, ಹುಲ್ಲು ತರಲು ಹೋದವರೂ ಬಲ್ಲರು. ನಾವು ಅವನಿಗೆ ಹಣ ಕೊಡುವುದು ಮುಖ್ಯವಾಗಿ, ನಮಗೆ ತಿಳಿಯದ ಹೊತ್ತಿನಲ್ಲಿ ‘ಬೇಡ’ ಎನ್ನಲಿ ಎಂದು. ವಿಚಿತ್ರ ನೋಡಿ, ಆ ‘ಬೇಡ’ವನ್ನು ಅವನು ಹೇಳಬೇಕಾಗಿರುವುದು ತನಗೆ ಕೂಲಿ ಕೊಡುವವನಿಗೇ. ಹಿಂದಿರುಗಿಸಿದರೆ ಗಿರಾಕಿ ಮುಖ ಗಂಟಿಕ್ಕುತ್ತಾನೆ, ಕೈಗೆ ಇನಾಮು ಬೀಳುವುದಿಲ್ಲ, ಮುಂದಿನ ಸಲ ಬೇರೆಯವನನ್ನು ಕರೆಯುತ್ತಾನೆ. ಮನೆಯಲ್ಲಿ ಮಕ್ಕಳಿರುವ ಒಬ್ಬ ಬಡವನಿಗೆ ಇದು ಸಣ್ಣ ಸಂಗತಿಯಲ್ಲ. ನಮ್ಮ ತೋಟಗಳಲ್ಲಿಯೂ ಇದೇ ಅಲ್ಲವೇ? ಮಳೆಗಾಲದಲ್ಲಿ ಮರ ಕಸಿ ಮಾಡಲು ಹತ್ತುವವನು “ಇವತ್ತು ಜಾರುತ್ತದೆ ಧಣಿ” ಎಂದರೆ ಎಷ್ಟು ಮಂದಿ ಧಣಿಗಳು “ಸರಿ, ಇಳಿ” ಎನ್ನುತ್ತಾರೆ?

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. ಅಪಾಯ ತಿಳಿದೇ ಹೋಗುವವನು, ತನ್ನ ಜೀವ ತನ್ನದು ಎನ್ನುವವನು, ಅವನನ್ನು ತಡೆಯಲು ನಾವು ಯಾರು? ವಯಸ್ಸಿಗೆ ಬಂದ ಮಕ್ಕಳು ಹೀಗೆ ಕೇಳಿದಾಗ ನಮ್ಮ ಬಾಯಿ ಕಟ್ಟುತ್ತದೆ. ಜೀವ ದೇವರು ಕೊಟ್ಟದ್ದು ಎಂದು ಉತ್ತರಿಸಬಹುದು, ಅದು ಸತ್ಯವೇ. ಆದರೆ ಅದಕ್ಕಿಂತ ಕೆಳಗಿನ, ನೆಲದ ಮೇಲಿನ ಉತ್ತರವೊಂದಿದೆ.

ನ್ಯೂಜಿಲೆಂಡಿನ ಫಾಕಾರಿ ದ್ವೀಪ ನೆನಪಿಸಿಕೊಳ್ಳಿ. ಅದು ಸಮುದ್ರದ ನಡುವಿನ ಜೀವಂತ ಜ್ವಾಲಾಮುಖಿ. ವರ್ಷಗಟ್ಟಲೆ ಪ್ರವಾಸಿ ತಂಡಗಳು ಮಾರ್ಗದರ್ಶಕರ ಜೊತೆ ಅದರ ಕುಳಿಯ ತನಕ ನಡೆದು ಬರುತ್ತಿದ್ದವು. 2019ರ ನವೆಂಬರಿನಲ್ಲಿ ವಿಜ್ಞಾನಿಗಳು ಎಚ್ಚರಿಕೆಯ ಮಟ್ಟವನ್ನು ಒಂದರಿಂದ ಎರಡಕ್ಕೆ ಏರಿಸಿದ್ದರು. ಪ್ರವಾಸ ನಿಲ್ಲಲಿಲ್ಲ. ಡಿಸೆಂಬರ್ 9ರ ಮಧ್ಯಾಹ್ನ ಎರಡು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ, 47 ಮಂದಿ ದ್ವೀಪದ ಮೇಲಿದ್ದಾಗ, ಅದು ಸಿಡಿಯಿತು. ಇಂಥ ಸಿಡಿತದಲ್ಲಿ ಲಾವಾ ಹರಿದು ಬರುವುದಿಲ್ಲ. ನೆಲದಡಿಯ ನೀರು ಕಾದು, ಹಬೆಯಾಗಿ, ಕುಕ್ಕರಿನ ಕೊಳವೆ ಕಟ್ಟಿದಾಗ ಮುಚ್ಚಳ ಹಾರುವಂತೆ ಕಲ್ಲು ಬೂದಿಗಳನ್ನು ಹೊತ್ತು ಮೇಲೇಳುತ್ತದೆ. ಮುನ್ಸೂಚನೆ ಇಲ್ಲವೆಂದೇ ಹೇಳಬೇಕು. 2014ರಲ್ಲಿ ಜಪಾನಿನ ಒಂತಾಕೆಯಲ್ಲಿ ಎಲೆ ಬಣ್ಣ ತಿರುಗುವ ಕಾಲದ ಒಂದು ಶನಿವಾರ ಇದೇ ಬಗೆಯಲ್ಲಿ 63 ಮಂದಿ ಹೋದರು. ಫಾಕಾರಿಯಲ್ಲಿ ಸತ್ತವರು 22 ಮಂದಿ. ಅವರಲ್ಲಿ ಇಬ್ಬರು ಮಾರ್ಗದರ್ಶಕರು.

ಆ ಇಬ್ಬರನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ‘ನನ್ನ ಜೀವ ನನ್ನದು’ ಎಂದವನ ಲೆಕ್ಕಕ್ಕೆ ಅವರು ಬರುವುದಿಲ್ಲ. ಬೂದಿ ಇನ್ನೂ ಉದುರುತ್ತಿರುವಾಗಲೇ, ಯಾರೂ ಕಳುಹಿಸದೆ, ತಮ್ಮ ಹೆಲಿಕಾಪ್ಟರುಗಳಲ್ಲಿ ಆ ದ್ವೀಪಕ್ಕೆ ಹಾರಿ ಸುಟ್ಟವರನ್ನು ಎತ್ತಿ ತಂದ ಪೈಲಟ್‌ಗಳೂ ಬರುವುದಿಲ್ಲ. ಆಮೇಲೆ ಮೊಕದ್ದಮೆಗಳಾದವು. ಪ್ರವಾಸ ನಡೆಸಿದವರು ತಪ್ಪೊಪ್ಪಿಕೊಂಡರು. ದ್ವೀಪದ ಒಡೆತನದ ಸಂಸ್ಥೆಯ ಮೇಲೆ 2023ರಲ್ಲಿ ಬಂದ ತೀರ್ಪನ್ನು 2025ರಲ್ಲಿ ಮೇಲಿನ ನ್ಯಾಯಾಲಯ ರದ್ದು ಮಾಡಿತು. ಕಾನೂನು ತನ್ನ ತಕ್ಕಡಿಯಲ್ಲಿ ತೂಗುತ್ತದೆ. ಬದುಕಿ ಉಳಿದವರಲ್ಲಿ ಹಲವರು ಹೇಳಿದ್ದು ಇಷ್ಟೇ: ಅಪಾಯ ಎಷ್ಟೆಂದು ನಮಗೆ ಸರಿಯಾಗಿ ತಿಳಿಸಿರಲಿಲ್ಲ.

ನಮ್ಮವರದೇ ದುಃಖ ಬೇರೆ ಇದೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೋದ 22 ಮಂದಿಯ ತಂಡ, ಮೂವರು ಸ್ಥಳೀಯ ಮಾರ್ಗದರ್ಶಕರೂ ಸೇರಿ, ಹಿಮಗಾಳಿಗೆ ಸಿಕ್ಕಿಬಿತ್ತು. ಹೆಚ್ಚಿನವರು ಕರ್ನಾಟಕದವರು. ಒಂಬತ್ತು ಮಂದಿ ಮರಳಲಿಲ್ಲ. ಹದಿಮೂರು ಮಂದಿಯನ್ನು ಉಳಿಸಿ ತಂದರು. ಅವರಲ್ಲಿ ಯಾರು ದುಡುಕಿದರು, ಯಾರು ದುಡುಕಲಿಲ್ಲ ಎಂದು ಇಲ್ಲಿ ಕಾಫಿ ಕುಡಿಯುತ್ತಾ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಎಷ್ಟೋ ಬಾರಿ ಯಾರೂ ದುಡುಕದೆಯೂ ಬೆಟ್ಟ ಕೊಲ್ಲುತ್ತದೆ. ಅವರಿಗಾಗಿ ಪ್ರಾರ್ಥಿಸಬಹುದು, ಅಷ್ಟೇ. ನಾನು ಹೇಳುತ್ತಿರುವುದು ನನಗೆ ಗೊತ್ತಿರುವ ಒಬ್ಬ ಮನುಷ್ಯನ ಬಗ್ಗೆ, ಒಂದು ಹಳ್ಳದ ಬಗ್ಗೆ.

ಬೆಟ್ಟಗಳಿಗೆ ಹೋಗುವವರ ಸಂಖ್ಯೆ ನಮ್ಮ ಕಡೆ ಹೇಗೆ ಏರಿತೆಂದು ನೋಡಿದ್ದೀರಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಂದೇ ಸಲ ಸೇರಿ, ಸರ್ಕಾರ ಮುಂಗಡ ನೋಂದಣಿ ಇಲ್ಲದ ಚಾರಣವನ್ನೇ ನಿಲ್ಲಿಸಬೇಕಾಯಿತು. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳುವ ಭಯವಿದ್ದಾಗ ಕುದುರೆಮುಖವನ್ನೂ ಮುಚ್ಚುತ್ತಾರೆ. ಆಗ ಫೋನ್ ಮಾಡಿ, ಯಾರದಾದರೂ ಪರಿಚಯ ಹೇಳಿ, ಒಳದಾರಿ ಇದೆಯೇ ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ನಿಯಮ ‘ಬೇಡ’ ಎಂದರೂ ಕೇಳದವರು, ಹವಾಯಿ ಚಪ್ಪಲಿಯ ಹುಡುಗ ‘ಬೇಡ’ ಎಂದರೆ ಕೇಳುತ್ತಾರೆಯೇ?

ಮುಂದಿನ ಭಾನುವಾರ ಆ ತಾಯಿಗೆ ಇಷ್ಟು ಹೇಳಿದೆ: “ಬಾಯಿ, ಮಗನನ್ನು ತಡೆಯಬೇಡಿ. ಆದರೆ ಎರಡು ಮಾತು ಕೇಳಿಸಿಕೊಂಡು ಹೋಗಲಿ. ಅಲ್ಲಿನ ಸರ್ಕಾರ ಆ ಬೆಟ್ಟಕ್ಕೆ ಆ ವಾರ ಯಾವ ಎಚ್ಚರಿಕೆ ಕೊಟ್ಟಿದೆ ಎಂದು ತಾನೇ ವಿಚಾರಿಸಲಿ, ಟಿಕೆಟ್ ಮಾರುವವನ ಮಾತು ನಂಬಬೇಡ ಎನ್ನಿ. ಹತ್ತುವ ಮೊದಲು, ಎಲ್ಲರ ಎದುರಿಗೆ, ಆ ಮಾರ್ಗದರ್ಶಕನಿಗೆ ಹೇಳಲಿ: ನೀನು ವಾಪಸ್ ಎಂದರೆ ವಾಪಸ್, ನಿನ್ನ ಹಣದಲ್ಲಿ ಒಂದು ಪೈಸೆ ಕಡಿಮೆಯಾಗುವುದಿಲ್ಲ, ಯಾರೂ ಗೊಣಗುವುದಿಲ್ಲ. ಗೊಣಗುವವನಿದ್ದರೆ ಅವನು ಕೆಳಗೇ ಇರಲಿ.”

“ಅವನು ನಗುತ್ತಾನೆ ಮೇಷ್ಟ್ರೇ” ಎಂದರು.

“ನಗಲಿ. ಹೇಳಿದರೆ ಸಾಕು.”

ಅದು ಅಷ್ಟು ಸುಲಭವಲ್ಲ ಎಂದು ನನಗೂ ಗೊತ್ತು. ಹಿಂದಿನ ರಾತ್ರಿ ಹೇಳುವುದು ಸುಲಭ. ಶಿಖರ ಕಣ್ಣಿಗೆ ಕಾಣುತ್ತಿರುವಾಗ ಅದಕ್ಕೆ ಬದ್ಧನಾಗುವುದು ಕಷ್ಟ. ಆದರೆ ಮೊದಲೇ ಎಲ್ಲರ ಮುಂದೆ ಆಡಿದ ಮಾತಿಗೆ ಒಂದು ಬಿಗಿ ಇರುತ್ತದೆ. ಮದುವೆಯ ವಚನವನ್ನು ನಾವು ಬಲಿಪೀಠದ ಮುಂದೆ, ಜನರ ಎದುರು, ಪ್ರೀತಿ ಉಕ್ಕುತ್ತಿರುವ ದಿನವೇ ಕೊಡಿಸುವುದು ಏಕೆ? ಉಕ್ಕದ ದಿನಕ್ಕೆ ಬೇಕಾಗುತ್ತದೆಂದು.

ಮಗ ಹೋಗಿ ಬಂದ. ಸುದ್ದಿಯನ್ನು ತಾಯಿಯೇ ಹೇಳಿದರು, ಅದೇ ಮೆಟ್ಟಿಲ ಬಳಿ. ಅರ್ಧ ದಾರಿಯಲ್ಲಿ ತಂಡದ ಒಬ್ಬ ಹುಡುಗಿಗೆ ಉಸಿರು ಕಟ್ಟಿದಂತಾಯಿತಂತೆ. ಮಾರ್ಗದರ್ಶಕ ನೋಡಿ, ಇವಳು ಇಳಿಯಬೇಕು ಎಂದನಂತೆ. ಉಳಿದವರನ್ನು ಇನ್ನೊಬ್ಬನ ಜೊತೆ ಮೇಲೆ ಕಳುಹಿಸಿ, ಅವಳ ಜೊತೆ ಇವನೂ ಇಳಿದು ಬಂದನಂತೆ. ಸೂರ್ಯೋದಯವನ್ನು ಕೆಳಗಿನ ತೋಟದ ಬದಿಯ ಒಂದು ಅಂಗಡಿಯ ಬೆಂಚಿನ ಮೇಲೆ ಕೂತು ನೋಡಿದ್ದಾನೆ.

“ಬೇಸರ ಮಾಡಿಕೊಂಡನಾ?” ಎಂದೆ.

“ಮಾಡಿಕೊಂಡಿದ್ದಾನೆ, ಸುಳ್ಳು ಏಕೆ? ಮೊಟ್ಟೆ ತಿನ್ನಲಿಲ್ಲ ಎಂದು ಈಗಲೂ ಹೇಳುತ್ತಾನೆ. ಆದರೆ ಮೇಷ್ಟ್ರೇ, ಅಲ್ಲಿಯೂ ಕಾಫಿ ತೋಟವಂತೆ! ಸಾಲಿನ ನಡುವೆ ಕಿತ್ತಳೆ ಗಿಡ, ನಮ್ಮ ಅಜ್ಜನ ಕಾಲದಲ್ಲಿ ಇದ್ದ ಹಾಗೆಯೇ. ಬೆಂಕಿ ಬೂದಿಯ ಮಣ್ಣು, ಚೆನ್ನಾಗಿ ಬರುತ್ತದಂತೆ. ಆ ಗೈಡ್ ಹುಡುಗನದೂ ಸ್ವಲ್ಪ ತೋಟ ಇದೆಯಂತೆ. ಇವನು ನಮ್ಮ ತೋಟದ ಫೋಟೋ ತೋರಿಸಿದ್ದಾನೆ, ಅವನು ಅವನದು ತೋರಿಸಿದ್ದಾನೆ. ಭಾಷೆ ಬರದೆ ಇಬ್ಬರೂ ಒಂದು ಗಂಟೆ ಮಾತಾಡಿದ್ದಾರೆ.” ಸ್ವಲ್ಪ ತಡೆದು, ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. “ಬೆಲೆ ಎಷ್ಟು ಸಿಗುತ್ತದೆ ಎಂದು ಮಾತ್ರ ಕೇಳಿಕೊಂಡು ಬರಲಿಲ್ಲ, ದಡ್ಡ.”